ಕಡಲ ನಡುವೆ ಕಲಿತ ಪಾಠ

ಮಕ್ಕಳಿಗೆ ಪಾಠ ಹೇಳುವುದು ಪಂಡಿತನಾದವನಿಗೆ ವಾಡಿಕೆ. ಮಕ್ಕಳೆದುರಿಗೇ ಪಾಠ ಹೇಳಿಸಿಕೊಳ್ಳುವುದು ಅಪರೂಪ. ಕಳೆದ ಡಿಸೆಂಬರಿನಲ್ಲಿ ಅಂಥದೊಂದು ದಿನ ನನಗೆ ಒದಗಿಬಂತು.

ಹಳೆಯ ವಿದ್ಯಾರ್ಥಿಗಳ ಔದಾರ್ಯದಿಂದ ಏರ್ಪಟ್ಟ ಪ್ರವಾಸವದು. ಒಂಬತ್ತನೆಯ ತರಗತಿಯ ಮಕ್ಕಳೊಡನೆ ಯಲಹಂಕದಿಂದ ರಾತ್ರಿ ಬಸ್ಸಿನಲ್ಲಿ ಹೊರಟು, ಬೆಳಗಿಗೆ ಉಡುಪಿಯನ್ನು ಸೇರಿ, ಮಲ್ಪೆಯಲ್ಲಿ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪವನ್ನು ಮುಟ್ಟಿದೆವು. ಅಲ್ಲಿಯ ನಿವೃತ್ತ ಜೀವಶಾಸ್ತ್ರ ಅಧ್ಯಾಪಕರೊಬ್ಬರು ಮಾರ್ಗದರ್ಶಕರಾಗಿ ದೊರೆತುದು ನಮ್ಮ ಸುದೈವ.

ಕಾಲಿಟ್ಟೊಡನೆ ಕಂಡದ್ದು ಕಲ್ಲುಕಂಬಗಳ ಸಾಲು. ಐದು, ಆರು, ಏಳು ಮುಖಗಳ ಆ ಕಂಬಗಳು ಶಿಲ್ಪಿ ಕಡೆದು ನಿಲ್ಲಿಸಿದಂತಿದ್ದವು. ಲಾವಾರಸವು ತಣಿದು ಕುಗ್ಗುವಾಗ ಬಿರುಕುಬಿಟ್ಟು ಈ ಆಕಾರ ತಳೆಯಿತೆಂದೂ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದಿನ ಶಿಲೆಗಳಿವೆಂದೂ ಅವರು ವಿವರಿಸಿದರು. ನಮ್ಮ ಲಾಲ್‌ಬಾಗಿನ ಬಂಡೆಯಂತೆಯೇ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಇಳಿತದ ಹೊತ್ತು. ನೀರು ಸರಿದ ಬಂಡೆಗಳ ಮೇಲೆ ಒಂದು ಬೂದುಬಣ್ಣದ ಬಕಪಕ್ಷಿ ಹೊಂಚುಹಾಕಿ ನಿಂತಿತ್ತು. ಮೇಲೆ ಗರುಡವೊಂದು ಸುತ್ತುತ್ತಿದ್ದುದನ್ನು ಕಂಡು, ಹೆಬ್ಬಾಳದ ಕೆರೆಯಲ್ಲಿ ಇದೇ ಹಕ್ಕಿಯನ್ನು ನೋಡಿದ್ದ ಹುಡುಗನೊಬ್ಬ ನೆಂಟನನ್ನು ಕಂಡಂತೆ ಹಿಗ್ಗಿದ. ಕಲ್ಲಿನ ಹೊಂಡಗಳಲ್ಲಿ ಏಡಿಗಳೂ ಸಣ್ಣ ಮೀನುಗಳೂ ಸರಿದಾಡುತ್ತಿದ್ದವು.

ಅಲ್ಲಿ ಬಿದ್ದಿದ್ದ ಸುಂದರವಾದ ಶಂಖವೊಂದನ್ನು ಮೊಮ್ಮಗಳಿಗೆಂದು ನಾನು ಉತ್ತರೀಯದ ಅಂಚಿನಲ್ಲಿ ಕಟ್ಟಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಗಂಟು ಅಲುಗಾಡಿತು. "ಗುರುಗಳೇ, ಅದು ಜೀವಂತವಾಗಿದೆ!" ಎಂದು ಒಬ್ಬ ಹುಡುಗಿ ಕೂಗಿದಳು. ಬಿಚ್ಚಿದರೆ ಒಳಗಿನಿಂದ ಕಾಲುಗಳು ಇಣುಕಿದವು. "ಪಂಡಿತರೇ, ಇದು ಸನ್ಯಾಸಿ ಏಡಿ," ಎಂದರು ಮಾರ್ಗದರ್ಶಕರು. "ಇದರ ಹಿಂಭಾಗ ಮೆತ್ತಗಿನದು, ಅದಕ್ಕೆ ಕವಚವಿಲ್ಲ. ಸತ್ತ ಶಂಖದ ಹುಳುವಿನ ಚಿಪ್ಪೇ ಇದರ ಮನೆ. ಬೆಳೆದಂತೆಲ್ಲ ದೊಡ್ಡ ಚಿಪ್ಪನ್ನು ಹುಡುಕಬೇಕು. ನಾವು ಬರಿದೆಂದು ಒಯ್ಯುವ ಚಿಪ್ಪು ಇಂಥದೊಂದಕ್ಕೆ ನಾಳೆಯ ಮನೆ."

ಮಕ್ಕಳು ನನ್ನತ್ತ ನೋಡುತ್ತಿದ್ದರು. ಅಂದು ಬೆಳಿಗ್ಗೆ ಬಸ್ಸಿನಲ್ಲಿ ಭೂತದಯೆಯನ್ನು ಕುರಿತು ಅವರಿಗೆ ಉಪದೇಶ ಮಾಡಿದ್ದವನು ನಾನೇ. "ತಪ್ಪಾಯಿತು ಮಕ್ಕಳೇ" ಎಂದು, ಅದನ್ನು ಎತ್ತಿಕೊಂಡ ಹೊಂಡದಲ್ಲಿಯೇ ಬಿಟ್ಟೆ. ಕ್ಷಣಕಾಲ ಸುಮ್ಮನಿದ್ದು, ಅದು ತನ್ನ ಮನೆಯನ್ನು ಹೊತ್ತುಕೊಂಡು ಕಲ್ಲಿನ ಸಂದಿಗೆ ಸರಿಯಿತು.

ಮರಳುವಾಗ ದೋಣಿಯಲ್ಲಿ ಅದೇ ಹುಡುಗಿ ಕೇಳಿದಳು: "ಗುರುಗಳೇ, ಏಡಿಯೂ 'ಅದು', ಚಿಪ್ಪೂ 'ಅದು'. ಎರಡಕ್ಕೂ ಒಂದೇ ಲಿಂಗವೇಕೆ?" ಕೇಶಿರಾಜನ ಸೂತ್ರಗಳನ್ನು ಮೂರು ದಶಕ ಪಾಠ ಹೇಳಿದವನು ನಾನು. ಕನ್ನಡದಲ್ಲಿ ಜಂತುವೂ ಜಡವೂ ಸಾಮಾನ್ಯವಾಗಿ ನಪುಂಸಕಲಿಂಗವೇ ಎಂದು ಉತ್ತರ ಹೇಳಿದೆ. ಆದರೆ ವ್ಯಾಕರಣ ಒಂದಾಗಿಸಿದುದನ್ನು ಕಣ್ಣು ಬೇರ್ಪಡಿಸಿ ನೋಡಬೇಕೆಂಬುದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿಯೇ.

ಹಿಂದೊಮ್ಮೆ ಗೋಕರ್ಣದಿಂದ ನಾನು ತಂದ ಚಿಪ್ಪುಗಳು ನಮ್ಮ ಶಾಲೆಯ ಗಾಜಿನ ಬೀರುವಿನಲ್ಲಿ ಇಂದಿಗೂ ಇವೆ. ಅವುಗಳನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆ. ಈಗ ತೋರಿಸುವಾಗ ಈ ಕಥೆಯನ್ನೂ ಹೇಳುತ್ತೇನೆ. ಆ ಬೀರುವಿಗೆ ಇನ್ನೊಂದು ಚಿಪ್ಪು ಸೇರುವುದು ಬೇಡ. ವರುಷಕ್ಕೊಮ್ಮೆ ಮಕ್ಕಳು ಕಡಲಿಗೆ ಹೋಗಿ ಬರಿಗೈಯಲ್ಲಿ ಮರಳುವಂತಾಗಲಿ. ದಾನಿಗಳಲ್ಲಿ ಇದೊಂದೇ ನನ್ನ ವಿನಂತಿ.