ಮುಚ್ಚಿಟ್ಟ ಗಂಟು

"ಅಮ್ಮಾ, ಇಲ್ಲೊಂದು ಗಂಟು ಸಿಗ್ತಿದೆ" ಎಂದು ಮಗಳು ಎದೆ ಮುಟ್ಟಿ ತೋರಿಸಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರಿಗೂ ಹೇಳಬೇಡ!" ಅವಳಿಗೆ 26 ವರ್ಷ. ಗಂಡಿನ ಕಡೆಯವರು ಬಂದು ನೋಡಿ ಹೋಗಿ ವಾರವಾಗಿತ್ತಷ್ಟೆ. 28 ವರ್ಷದಿಂದ ಮಕ್ಕಳಿಗೆ "ಕೇಳಲು ನಾಚಬೇಡಿ" ಎಂದು ಹೇಳಿಕೊಂಡು ಬಂದ ಟೀಚರು ನಾನು.

ಡಾಕ್ಟರು ಕೈಯಿಂದ ಮುಟ್ಟಿ ನೋಡಿ, ಅಲ್ಟ್ರಾಸೌಂಡ್ ಮಾಡಿಸಿ, ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ದೇವರ ದೀಪ ಹಚ್ಚುವಾಗಲೂ ನನ್ನ ಕೈ ನಡುಗುತ್ತಿತ್ತು. ಕೊನೆಗೆ ಬಂದ ಹೆಸರು ಫೈಬ್ರೋಅಡಿನೋಮಾ. ಹರೆಯದ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾದ ಗಂಟು, ಕ್ಯಾನ್ಸರ್ ಅಲ್ಲ.

"ಚಿಕ್ಕದು, ಹಾಗೇ ಬಿಟ್ಟು ಆಗಾಗ ನೋಡುತ್ತಿದ್ದರೆ ಸಾಕು" ಎಂದರು ಡಾಕ್ಟರು. ಬೆಳೆದರೆ, ನೋವು ಕೊಟ್ಟರೆ ತೆಗೆಸಬಹುದು. ಅದಕ್ಕೂ ಈಗ ದೊಡ್ಡ ಆಪರೇಷನ್ನೇ ಆಗಬೇಕೆಂದಿಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಕೆಲವೇ ಮಿಲಿಮೀಟರ್ ಗಾಯದಿಂದ ಟೊಳ್ಳು ಸೂಜಿ ತೂರಿಸಿ ಗಂಟನ್ನು ಚೂರುಚೂರಾಗಿ ಹೀರಿ ತೆಗೆಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಇಲ್ಲ, ಅಂದೇ ಮನೆಗೆ. ಕೆಲವೆಡೆ ಸೂಜಿಯ ತುದಿಯಿಂದಲೇ ಗಂಟನ್ನು ಹಿಮಗಟ್ಟಿಸುತ್ತಾರೆ. ಅದು ನಿಧಾನವಾಗಿ ಕುಗ್ಗುತ್ತದೆ. ಆದರೆ ಯಾವ ವಯಸ್ಸಾದರೂ ಪರೀಕ್ಷೆ ಮೊದಲು. ನನ್ನಂತೆ ಐವತ್ತು ದಾಟಿದವರಂತೂ ತಡಮಾಡಲೇಬಾರದು.

"ಕಲೆ ಉಳಿಯುತ್ತದೆಯೇ?" ಎಂದು ಕೇಳಿದ್ದು ನಾನು, ಅವಳಲ್ಲ. ಅವಳು "ಸದ್ಯಕ್ಕೆ ತೆಗೆಸುವುದು ಬೇಡ, ಆರು ತಿಂಗಳಿಗೆ ಮತ್ತೆ ಬರ್ತೀನಿ" ಎಂದಳು. ಹುಡುಗನಿಗೂ ತಾನೇ ಹೇಳಿದಳು.

ಮೊನ್ನೆ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ಬೆಲ್ ಹೊಡೆದ ಮೇಲೂ ಇಬ್ಬರು ಟೀಚರು ಎದ್ದು ಹೋಗಲಿಲ್ಲ.