ಲೌಕಿಕ ಜಾಸ್ತಿಯಾಯ್ತು

ಕಳೆದ ವರ್ಷ ಅಪ್ಪನ ತಿಥಿಗೆ ನಾನು ಮಸ್ಕತ್‌ನಿಂದ ಊರಿಗೆ ಹೋಗಲಿಲ್ಲ. ಆಫೀಸಿನಲ್ಲಿ ಅದೇ ವಾರ ಒಂದು ಮಾಡೆಲ್ ಒಪ್ಪಿಸಬೇಕಿತ್ತು. ತಮ್ಮನೇ ಕೂತು ಎಲ್ಲ ಮಾಡಿದ. ಅಮ್ಮ ಫೋನಿನಲ್ಲಿ ಬೈಯಲಿಲ್ಲ. "ಇರ್ಲಿ ಬಿಡು, ನಿಂಗೆ ಲೌಕಿಕ ಜಾಸ್ತಿಯಾಯ್ತು" ಅಂದಳು. ಬೈದಿದ್ದರೇ ವಾಸಿಯಿತ್ತು.

ನಿಮಗೂ ಮನೆಯಲ್ಲಿ ಯಾರಾದರೂ ಈ ಪದ ಹೇಳಿರಬಹುದು. ಇದನ್ನು ಸೆಕ್ಯುಲರ್ ಅಂತ ಅರ್ಥ ಮಾಡಿಕೊಂಡರೆ ಸಾಲದು. ಪತ್ರಿಕೆಗಳಲ್ಲಿ ಸೆಕ್ಯುಲರ್ ಅನ್ನೋದಕ್ಕೆ ಜಾತ್ಯತೀತ, ಧರ್ಮನಿರಪೇಕ್ಷ ಅಂತ ಬರೆಯುತ್ತಾರೆ. ಅವು ರಾಜಕೀಯದ ಪದಗಳು. ಲೌಕಿಕ ಅಡುಗೆಮನೆಯಲ್ಲೂ ಓಡಾಡುವ ಪದ. ಲೋಕಕ್ಕೆ ಸೇರಿದ್ದು ಅಂತ ಅರ್ಥ. ನಮ್ಮ ಕಡೆಯ ಮನೆಗಳಲ್ಲಿ ಪೌರೋಹಿತ್ಯ ಮಾಡುವವರು ವೈದಿಕರು, ಸಂಬಳಕ್ಕೆ ದುಡಿಯುವವರು ಲೌಕಿಕರು. ನನ್ನ ತಾತ ಶಾನುಭೋಗರು, ಅಂದರೆ ಊರಿನ ಲೆಕ್ಕ ಬರೆಯುವವರು. ಪಕ್ಕಾ ಲೌಕಿಕರು. ಆದರೂ ಒಂದು ದಿನ ಸಂಧ್ಯಾವಂದನೆ ಬಿಟ್ಟವರಲ್ಲ.

ಪದ ಹಳೆಯದು. ಪಂಪ ಎರಡು ಕಾವ್ಯ ಬರೆದ. 941ರ 'ಆದಿಪುರಾಣ' ಜೈನ ಆಗಮದ್ದು. ಮಹಾಭಾರತದ ಕಥೆ ಹೇಳುವ 'ವಿಕ್ರಮಾರ್ಜುನ ವಿಜಯ' ಲೌಕಿಕದ್ದು. ಹಾಗಂತ ಅವನೇ ಹೇಳಿದ್ದಾನೆ. ನಮ್ಮಜ್ಜಿ ಕೈಮುಗಿದು ಕೇಳುತ್ತಿದ್ದ ಭಾರತ ಜೈನನಾದ ಪಂಪನಿಗೆ ಲೌಕಿಕ! ನಿಂತ ಜಾಗ ಬದಲಾದರೆ ಗೆರೆಯೂ ಬದಲಾಗುತ್ತೆ. ಆಗಮದ ಕಾವ್ಯಕ್ಕೆ ಮೂರು ತಿಂಗಳು, ಲೌಕಿಕದ್ದಕ್ಕೆ ಆರು ತಿಂಗಳು ಹಿಡಿಯಿತು ಅಂತಲೂ ಹೇಳಿಕೊಂಡಿದ್ದಾನೆ. ಲೌಕಿಕ ಕೀಳು ಅನಿಸಿದ್ದರೆ ಅಷ್ಟು ದುಡಿಯುತ್ತಿದ್ದನೇ?

ಇಲ್ಲಿ ಒಮಾನಿನಲ್ಲೂ ಇಂಥದ್ದೇ ಒಂದು ಜೋಡಿ ಕೇಳುತ್ತೀರಿ: ದೀನ್ ಮತ್ತು ದುನ್ಯಾ, ಧರ್ಮ ಮತ್ತು ಲೋಕ. ದುನ್ಯಾ ಅಂದರೆ ನಮ್ಮ ದುನಿಯಾನೇ. ಅರಬ್ಬಿಯಲ್ಲಿ ಅದರ ಮೂಲಧಾತುವಿಗೆ 'ಹತ್ತಿರ' ಅನ್ನೋ ಅರ್ಥವಿದೆ. ನಮ್ಮ ಇಹ-ಪರದ 'ಇಹ' ಕೂಡ 'ಇಲ್ಲಿ' ಅಂತಲೇ. ಮಧ್ಯಾಹ್ನ ಆಜಾನ್ ಆದಾಗ ನಮ್ಮ ಮೀಟಿಂಗ್ ನಿಲ್ಲುತ್ತೆ. ಸಹೋದ್ಯೋಗಿಗಳು ನಮಾಜ್ ಮುಗಿಸಿ ಬಂದು ಬಿಟ್ಟ ಸ್ಲೈಡಿನಿಂದಲೇ ಮುಂದುವರಿಸುತ್ತಾರೆ.

ಇಷ್ಟನ್ನೂ ಒಟ್ಟುಮಾಡಿಕೊಂಡು ಅಮ್ಮನಿಗೆ ಫೋನ್ ಮಾಡಿದೆ. ಲೌಕಿಕ ತಪ್ಪಲ್ಲ ಅಂತ ವಾದಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ತಪ್ಪು ಅಂತ ನಾನೆಲ್ಲಿ ಅಂದೆನೋ? ನೀನು ಕಳಿಸಿದ ದುಡ್ಡಲ್ಲೇ ಭಟ್ಟರಿಗೆ ದಕ್ಷಿಣೆ ಕೊಟ್ಟಿದ್ದು. ಜಾಸ್ತಿಯಾಯ್ತು ಅಂದೆ, ಅಷ್ಟೇ."

ನಾನು ಅರ್ಥ ಹುಡುಕಬೇಕಿದ್ದದ್ದು ಆ 'ಜಾಸ್ತಿ'ಗೆ. ಈ ವರ್ಷದ ತಿಥಿಗೆ ಈಗಲೇ ರಜೆ ಹಾಕಿದ್ದೇನೆ.