ಬೆಂಕಿರೋಗದ ಬೀಜಾಣು

ಕಾಳಿದಾಸನ ಮೇಘದೂತದಲ್ಲಿ ಗುಡುಗಿನ ದನಿಗೆ ಶಿಲೀಂಧ್ರವು ಮೊಳೆಯುವುದು ಭೂಮಿ ಬಂಜೆಯಲ್ಲವೆಂಬುದಕ್ಕೆ ಕುರುಹು. ಭತ್ತದ ಗದ್ದೆಯನ್ನು ಸುಟ್ಟಂತೆ ಮಾಡುವ ಬೆಂಕಿರೋಗಕ್ಕೆ ಕಾರಣವಾದುದೂ ಶಿಲೀಂಧ್ರವೇ ಎಂಬುದನ್ನು ಕವಿ ಅರಿತಿರಲಾರನು.

ಇದರ ಬೀಜಾಣು ಒದ್ದೆಯ ಎಲೆಯ ಮೇಲೆ ಮೊಳೆತು, ತುದಿಯಲ್ಲಿ ಗುಮ್ಮಟದಾಕಾರದ ಕೋಶವೊಂದನ್ನು ಕಟ್ಟುತ್ತದೆ. ಅದರೊಳಗಿನ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು! ಆ ಬಲದಿಂದಲೇ ಎಲೆಯ ಗಟ್ಟಿ ಪೊರೆಯನ್ನು ಭೇದಿಸಿ ಒಳಹೊಗುತ್ತದೆ. ಕಣ್ಣಿಗೆ ಕಾಣದ ಜೀವಿಗೆ ಇಂಥ ಕಸುವೆಂದರೆ ಯಾರಿಗಾದರೂ ಸೋಜಿಗವಾಗದಿರದು.

ಗುಮ್ಮಟವನ್ನು ಕಟ್ಟೆಂದು ಆಜ್ಞಾಪಿಸುವವರಾರು? ಪಿಎಂಕೆ-1 ಎಂಬ ಒಂದೇ ವಂಶವಾಹಿಯನ್ನು ತೆಗೆದುಹಾಕಿದ ಶಿಲೀಂಧ್ರವು ಪ್ರಯೋಗಾಲಯದ ತಟ್ಟೆಯಲ್ಲಿ ಎಂದಿನಂತೆ ಹಬ್ಬಿತು. ಎಲೆಯ ಮೇಲೆ ಮಾತ್ರ ಗುಮ್ಮಟ ಏಳಲಿಲ್ಲ. ಗಾಯಗೊಂಡ ಎಲೆಯೊಳಗೂ ಅದು ಬೆಳೆಯಲಾರದಾಯಿತೆಂದು 1996ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬೆಳೆಯುವ ಶಕ್ತಿ ಬೇರೆ, ಕೆಡಿಸುವ ಶಕ್ತಿ ಬೇರೆ. ಈ ವಂಶವಾಹಿಯಿಂದಾಗುವ ಪ್ರೋಟೀನು ಹೊರಗಿನ ಸುಳಿವನ್ನು ಕೋಶದೊಳಗೆ ಒಯ್ದು, ಇತರ ಅನೇಕ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಇದೂ ಒಂದು ದೌತ್ಯವೇ ಸರಿ.

ರೈತರು ಸಿಂಪಡಿಸುತ್ತ ಬಂದ ಟ್ರೈಸೈಕ್ಲಜೋಲ್ ಔಷಧಿಯೂ ಶಿಲೀಂಧ್ರವನ್ನು ಕೊಲ್ಲುವಂಥದಲ್ಲ. ಗುಮ್ಮಟದ ಗೋಡೆಗೆ ಬಿಗಿಯನ್ನೀಯುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಉಂಟಾಗದಂತೆ ತಡೆಯುತ್ತದೆ, ಅಷ್ಟೆ. ಒತ್ತಡವು ನಿಲ್ಲದು, ಎಲೆ ಉಳಿಯುತ್ತದೆ.